ಮೂರನೇ ಸಲ ಯಾಕಾಗಬಾರದು?

(ಅಕ್ಕ ನ್ಯೂಯಾರ್ಕ್ ನಗರದ ಕ್ವೀನ್ಸ್‌ನಲ್ಲಿ ನೆಲೆಸಿ ಅಲ್ಲಿನ ಮತದಾರಳಾದವಳು. ತಮ್ಮ ಹಾಸನದಲ್ಲಿ ವಕೀಲ. ಅಕ್ಕ ಊರಿಗೆ ಬಂದಿದ್ದಾಗ ಇಬ್ಬರ ನಡುವೆ ನಡೆದ ಮಾತು ಇದು.)

ತಮ್ಮ: ಒಬ್ಬ ಮೇಯರ್ ಚೆನ್ನಾಗಿ ಕೆಲಸ ಮಾಡಿದ್ದಾನೆ ಅಂತಿಟ್ಟುಕೋ ಅಕ್ಕ. ಜನಕ್ಕೆ ಅವನೇ ಬೇಕು, ಅವನಿಗೂ ನಿಲ್ಲೋ ಮನಸ್ಸಿದೆ. ನಡುವೆ ಕಾನೂನು ಬಂದು, ಎರಡು ಸಲ ಆಯ್ತಲ್ಲ, ಇಳಿ ಅನ್ನುತ್ತೆ. ಇದರಲ್ಲಿ ಕಳೆದುಕೊಂಡವರು ಯಾರು? ಅವನಿಗೆ ಬೇರೆ ಕೆಲಸ ಸಿಕ್ಕೇ ಸಿಗುತ್ತೆ. ನಿನಗೆ ಬೇಕಾದ ಹೆಸರು ಮಾತ್ರ ಮತಪತ್ರದಲ್ಲಿ ಇರೋದಿಲ್ಲ.

ಅಕ್ಕ: ನಷ್ಟ ಇಲ್ಲ ಅಂತ ನಾನು ಹೇಳೋದಿಲ್ಲ. ಅವಧಿ ಮಿತಿಯಿಂದ ಮತದಾರನಿಗೆ ಏನೂ ಕಡಿಮೆಯಾಗಲ್ಲ ಅನ್ನೋರು ಸುಮ್ಮನೆ ಮಾತು ತೇಲಿಸ್ತಾರೆ. ಆದರೆ ಆ ಕಾನೂನು ಎಲ್ಲಿಂದ ಬಂತು ಅಂತ ನೀನು ಕೇಳಲೇ ಇಲ್ಲ. ನಮ್ಮ ನ್ಯೂಯಾರ್ಕ್‌ನಲ್ಲಿ ಅದನ್ನು ಮಾಡಿದ್ದು ಮತದಾರರೇ. 1993ರಲ್ಲಿ ಜನಮತಗಣನೆ ನಡೆಸಿ ಮೇಯರಿಗೂ ನಗರ ಮಂಡಳಿ ಸದಸ್ಯರಿಗೂ ಸತತ ಎರಡೇ ಅವಧಿ ಅಂತ ಗೊತ್ತು ಮಾಡಿದರು. 1996ರಲ್ಲಿ ಮಂಡಳಿಯವರು ಅದನ್ನು ಮೂರು ಮಾಡಿಕೊಡಿ ಅಂತ ಮತ್ತೆ ಜನರ ಮುಂದೆ ಬಂದರು. ಜನ ಒಪ್ಪಲಿಲ್ಲ. ಒಂದಲ್ಲ, ಎರಡು ಸಲ ಹೇಳಿದ ಮಾತು ಅದು.

ತಮ್ಮ: ಜನ ಹೇಳಿದ್ದು ಅನ್ನೋದಕ್ಕಿಂತ ಜನರಿಂದ ಹೇಳಿಸಿದ್ದು ಅನ್ನು. 1993ರ ಆ ಪ್ರಚಾರಕ್ಕೆ ದುಡ್ಡು ಸುರಿದದ್ದು ರೊನಾಲ್ಡ್ ಲಾಡರ್, ಸೌಂದರ್ಯವರ್ಧಕಗಳ ದೊಡ್ಡ ಮನೆತನದವನು. 1989ರಲ್ಲಿ ಮೇಯರ್ ಆಗೋಕೆ ಹೋಗಿ ಸ್ವಂತ ಪಕ್ಷದ ಒಳ ಚುನಾವಣೆಯಲ್ಲೇ ಸೋತಿದ್ದ. ತಾನು ಏರಲಾಗದ ಗದ್ದುಗೆಯಲ್ಲಿ ಬೇರೆಯವರೂ ಹೆಚ್ಚು ದಿನ ಕೂರಬಾರದು ಅನ್ನಿಸಿರಬಹುದು, ಯಾರಿಗೆ ಗೊತ್ತು.

ಅಕ್ಕ: ಇದ್ದರೂ ಇರಬಹುದು. ಹಣ ಅವನದು, ಮತ ನಮ್ಮ ಊರಿನವರದು. ಮುಂದಿನ ಕಥೆ ಕೇಳು. 2008ರ ಸೆಪ್ಟೆಂಬರ್‌ನಲ್ಲಿ ಲೆಹ್ಮನ್ ಬ್ರದರ್ಸ್ ಬ್ಯಾಂಕು ಮುಳುಗಿತು. ಮೇಯರ್ ಮೈಕೇಲ್ ಬ್ಲೂಮ್‌ಬರ್ಗ್ ಎರಡನೇ ಅವಧಿಯ ಕೊನೆಗೆ ಬರ್ತಾ ಇದ್ದರು. ಹಿಂದೆ ಮಿತಿ ಸಡಿಲಿಸೋದು ತಪ್ಪು ಅಂತಿದ್ದವರು ಅವರೇ. ಈಗ ಆರ್ಥಿಕ ಬಿಕ್ಕಟ್ಟು, ಅನುಭವಸ್ಥರು ಬೇಕು ಅಂದರು. ಸರಿ, ಹಾಗಾದರೆ ಮೂರನೇ ಸಲ ಜನರನ್ನೇ ಕೇಳಬೇಕಿತ್ತು. ಕೇಳಲಿಲ್ಲ. ಅಕ್ಟೋಬರ್‌ನಲ್ಲಿ ನಗರ ಮಂಡಳಿಯೇ 29ಕ್ಕೆ 22 ಮತಗಳಿಂದ ಎರಡನ್ನು ಮೂರು ಮಾಡಿಬಿಟ್ಟಿತು. ಕೈ ಎತ್ತಿದವರಲ್ಲಿ ಅನೇಕರು ಅದೇ ಮಿತಿಯಿಂದ ಮನೆಗೆ ಹೋಗಬೇಕಿದ್ದವರು. ನಿನ್ನ ಲಾಡರ್ ಕೂಡ, ಈ ಒಂದು ಸಲಕ್ಕೆ ಪರವಾಗಿಲ್ಲ ಅಂತ ತಲೆಯಾಡಿಸಿದ.

ತಮ್ಮ: ಆಮೇಲೆ 2009ರಲ್ಲಿ ಚುನಾವಣೆ ಆಯ್ತಲ್ಲ! ಬೇಡ ಅಂದಿದ್ದರೆ ಜನ ಸೋಲಿಸಬಹುದಿತ್ತು. ಗೆಲ್ಲಿಸಿದರು. ಇದಕ್ಕಿಂತ ದೊಡ್ಡ ಒಪ್ಪಿಗೆ ಯಾವುದು?

ಅಕ್ಕ: ಹತ್ತು ಕೋಟಿ ಡಾಲರಿಗೂ ಮಿಕ್ಕಿ ಸ್ವಂತ ಹಣ ಖರ್ಚು ಮಾಡಿ ಐದು ಪಾಯಿಂಟಿಗಿಂತ ಕಡಿಮೆ ಅಂತರದಲ್ಲಿ ಗೆದ್ದರು. ಆಯ್ತು, ಗೆಲುವು ಗೆಲುವೇ. ಆದರೆ ಮರುವರ್ಷವೇ, 2010ರಲ್ಲಿ, ಮತ್ತೊಂದು ಜನಮತಗಣನೆ ಬಂತು. ಮುಕ್ಕಾಲು ಪಾಲಿನಷ್ಟು ಮತದಾರರು ಮಿತಿಯನ್ನು ಪುನಃ ಎರಡಕ್ಕೆ ಇಳಿಸಿದರು. ಆ ಮನುಷ್ಯ ಬೇಕು ಅಂದದ್ದೂ ಈ ಊರೇ, ಮೂರನೇ ಅವಧಿ ಬೇಡ ಅಂದದ್ದೂ ಈ ಊರೇ. ಎರಡಕ್ಕೂ ಮತ ಹಾಕಿದವರು ನನ್ನ ಬೀದಿಯಲ್ಲೇ ಇದ್ದಾರೆ. ಅವರಿಗೆ ತಲೆ ಕೆಟ್ಟಿಲ್ಲ ಕಣೋ. ಒಬ್ಬ ವ್ಯಕ್ತಿಯ ಬಗ್ಗೆ ಹೇಳೋ ಅಭಿಪ್ರಾಯ ಬೇರೆ, ಆಟದ ನಿಯಮದ ಬಗ್ಗೆ ಹೇಳೋ ಅಭಿಪ್ರಾಯ ಬೇರೆ. ಮೊದಲನೆಯದು ಮಾತ್ರ ಮತದಾರನ ಹಕ್ಕು, ಎರಡನೆಯದು ಅಲ್ಲ ಅಂತ ನೀನು ಅನ್ನೋದಾದರೆ, ಹಕ್ಕನ್ನು ಕಿರಿದು ಮಾಡ್ತಾ ಇರೋದು ನೀನು.

ತಮ್ಮ: ಈ ವಿಷಯ ನ್ಯಾಯಾಲಯಕ್ಕೂ ಹೋಗಿತ್ತು, ನೆನಪಿದೆಯಾ? ಜನಮತಗಣನೆಯಲ್ಲಿ ಗೆದ್ದ ಕಾನೂನನ್ನು ಮಂಡಳಿ ಅಳಿಸಿದರೆ ಮತದಾರರ ಹಕ್ಕಿಗೆ ಧಕ್ಕೆ ಅಂತ ಕೆಲವರು ಫೆಡರಲ್ ಕೋರ್ಟಿಗೆ ಹೋದರು. 2009ರಲ್ಲಿ ಮೇಲ್ಮನವಿಯಲ್ಲೂ ಸೋತರು. ಜನಮತಗಣನೆಯಿಂದ ಬಂದ ಕಾನೂನೂ ಒಂದು ಕಾನೂನು, ಮಂಡಳಿ ಮಾಡಿದ್ದೂ ಒಂದು ಕಾನೂನು, ಒಂದನ್ನು ಇನ್ನೊಂದು ತಿದ್ದಬಹುದು ಅನ್ನೋದು ತೀರ್ಪಿನ ಸಾರ. ವಕೀಲನಾಗಿ ನನಗೆ ಅದರಲ್ಲಿ ಕೊಂಕು ಕಾಣಲ್ಲ.

ಅಕ್ಕ: ವಕೀಲನಿಗೆ ಕಾಣದೇ ಇರಬಹುದು. ತನಗೆ ಹಾಕಿದ ಬೀಗವನ್ನು ತಾನೇ ತೆಗೆದುಕೊಳ್ಳೋದು ಕಾನೂನಿನ ಪ್ರಕಾರ ಸರಿ ಅಂತ ತೀರ್ಪು ಬಂದ ಮಾತ್ರಕ್ಕೆ ಅದು ಮತದಾರರ ಪರ ಅಂತ ಆಗಲ್ಲ. ನನ್ನ ವಾದ ಇಷ್ಟೇ: ಮಿತಿ ಯಾವ ಬಾಗಿಲಿಂದ ಒಳಗೆ ಬಂತೋ ಆ ಬಾಗಿಲಿಂದಲೇ ಹೊರಗೆ ಹೋಗಲಿ.

ತಮ್ಮ: ಆ ಬಾಗಿಲು ಯಾರದು ಅನ್ನೋದೇ ತಕರಾರು. 1993ರಲ್ಲಿ ಮತ ಹಾಕಿದವರಲ್ಲಿ ಎಷ್ಟೋ ಜನ ಈಗಿಲ್ಲ, ಊರು ಬಿಟ್ಟವರೂ ಇದ್ದಾರೆ. ಆಗ ಎರಡು ವರ್ಷದ ಮಗು 2009ಕ್ಕೆ ಮತದಾರ. ಅವನು ಕೈಕಟ್ಟಿಸಿಕೊಂಡಿದ್ದು ಬೇರೆ ಯಾರದೋ ಮತದಿಂದ. ನಮ್ಮನ್ನು ನಾವೇ ಕಟ್ಟಿಕೊಂಡೆವು ಅಂತೀರ, ಕಟ್ಟಿದವರು ಒಬ್ಬರು, ಕಟ್ಟಿಸಿಕೊಂಡವರು ಇನ್ನೊಬ್ಬರು.

ಅಕ್ಕ: ಅದು ಒಳ್ಳೆ ಮಾತು, ಅದಕ್ಕೆ ಪೂರ್ತಿ ಉತ್ತರ ನನ್ನ ಹತ್ತಿರ ಇಲ್ಲ. ಸಂವಿಧಾನದ ಪ್ರತಿ ಸಾಲಿಗೂ ಆ ಆಕ್ಷೇಪ ಅನ್ವಯಿಸುತ್ತೆ ಅನ್ನಬಹುದು, ಅಷ್ಟೆ. ಅದಕ್ಕೇ ತಿದ್ದೋ ದಾರಿ ತೆರೆದಿರಬೇಕು ಅನ್ನೋದು. ಆ ಹುಡುಗನಿಗೆ 2010ರಲ್ಲಿ ಮತ ಹಾಕೋ ಅವಕಾಶ ಸಿಕ್ಕಿತು ನೋಡು.

ತಮ್ಮ: ಅರ್ಕನ್ಸಾಸ್ ಮೊಕದ್ದಮೆ ಹೇಳ್ತೀನಿ, ನನಗೆ ತುಂಬ ಇಷ್ಟವಾದದ್ದು. 1992ರಲ್ಲಿ ಆ ರಾಜ್ಯದ ಮತದಾರರಲ್ಲಿ ನೂರಕ್ಕೆ ಸುಮಾರು 60 ಜನ ಒಂದು ತಿದ್ದುಪಡಿಗೆ ಒಪ್ಪಿದರು. ಅಮೆರಿಕದ ಕೆಳಮನೆಗೆ ಮೂರು ಸಲ, ಸೆನೆಟ್ಟಿಗೆ ಎರಡು ಸಲ ಗೆದ್ದವರ ಹೆಸರನ್ನು ಮತಪತ್ರದಲ್ಲಿ ಅಚ್ಚು ಹಾಕಬಾರದು. ಸ್ಪರ್ಧಿಸಲೇಬಾರದು ಅಂತ ಇರಲಿಲ್ಲ. ಬೇಕಾದವರು ಅವರ ಹೆಸರನ್ನು ಕೈಯಲ್ಲಿ ಬರೆದು ಮತ ಹಾಕಬಹುದಿತ್ತು. ಎಂಥ ಜಾಣತನ! 1995ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಐದಕ್ಕೆ ನಾಲ್ಕರ ಬಹುಮತದಿಂದ ಅದನ್ನು ಬಿಸಾಕಿತು. ತಮಗೆ ಬೇಕಾದವರನ್ನು ಆರಿಸೋದು ಜನರ ಹಕ್ಕು, ಅರ್ಹತೆಗಳನ್ನು ಸಂವಿಧಾನವೇ ಹೇಳಿ ಮುಗಿಸಿದೆ, ರಾಜ್ಯಗಳು ಹೊಸದು ಸೇರಿಸುವಂತಿಲ್ಲ ಅಂತ ನ್ಯಾಯಮೂರ್ತಿ ಸ್ಟೀವನ್ಸ್ ಬರೆದರು. ಆ ಹೊತ್ತಿಗೆ 23 ರಾಜ್ಯಗಳಲ್ಲಿ ಇಂಥ ನಿಯಮ ಇತ್ತು. ಎಲ್ಲ ಒಂದೇ ಏಟಿಗೆ ಹೋದವು.

ಅಕ್ಕ: ಭಿನ್ನಮತದ ತೀರ್ಪು ಬರೆದ ಕ್ಲಾರೆನ್ಸ್ ಥಾಮಸ್ ಏನಂದರು ಅಂತ ನೀನೇ ಹೇಳು.

ತಮ್ಮ: ಸಂವಿಧಾನ ಬೇಡ ಅನ್ನದ ಕಡೆ ಆ ರಾಜ್ಯದ ಜನಕ್ಕೆ ತೀರ್ಮಾನಿಸೋ ಅಧಿಕಾರ ಇದೆ ಅಂದರು. ಸರಿ, ಸರಿ, ನಗಬೇಡ. ಎರಡೂ ಕಡೆಯವರು ಜನರ ಹೆಸರನ್ನೇ ಹಿಡಿದುಕೊಂಡಿದ್ದರು.

ಅಕ್ಕ: ನೂರಕ್ಕೆ 60 ಜನ ಮತ ಹಾಕಿ ಮಾಡಿದ್ದನ್ನು ಐವರು ನ್ಯಾಯಮೂರ್ತಿಗಳು, ಜನ ಆರಿಸೋ ಹಕ್ಕಿಗೆ ಅಡ್ಡಿ ಅಂತ ರದ್ದು ಮಾಡಿದರು! ಆದರೂ ನಿನಗೆ ಒಂದು ಆಶ್ಚರ್ಯದ ಸಂಗತಿ ಹೇಳ್ತೀನಿ. ಅರ್ಕನ್ಸಾಸ್ ವಿಷಯದಲ್ಲಿ ಫಲ ಸರಿಯಾದದ್ದೇ ಬಂತು ಅಂತ ನನ್ನ ಎಣಿಕೆ. ಶಾಸನಸಭೆಗೆ ಅವಧಿ ಮಿತಿ ಬೇಕು ಅಂತ ನನಗೆ ಯಾವತ್ತೂ ಅನ್ನಿಸಿಲ್ಲ.

ತಮ್ಮ: ಅರೆ! ಇಷ್ಟು ಹೊತ್ತು ಯಾವುದರ ಪರ ವಾದ ಮಾಡ್ತಿದ್ದೆ?

ಅಕ್ಕ: ಆಳೋ ಕುರ್ಚಿಯ ಮೇಲಿನ ಮಿತಿಯ ಪರ. ನೂರಾರು ಜನರಲ್ಲಿ ಒಬ್ಬನಾಗಿ ಕೂತು ಮಾತಾಡೋ ಶಾಸಕ ಬೇರೆ, ಪೊಲೀಸು, ನೇಮಕಾತಿ, ಖಜಾನೆ ಎಲ್ಲ ಕೈಯಲ್ಲಿರೋ ಅಧ್ಯಕ್ಷ ಬೇರೆ. ಕ್ಯಾಲಿಫೋರ್ನಿಯಾ ನೋಡು. 1990ರಲ್ಲಿ ಜನಮತದಿಂದ ಕೆಳಮನೆಗೆ ಆರು ವರ್ಷ, ಮೇಲ್ಮನೆಗೆ ಎಂಟು ವರ್ಷ ಅಂತ ಕಟ್ಟುಪಾಡು ಹಾಕಿದರು, ಶಾಸನಸಭೆಯ ಸಿಬ್ಬಂದಿ ಖರ್ಚನ್ನೂ ಕತ್ತರಿಸಿದರು. ಗುರಿ ಇಟ್ಟಿದ್ದು ವಿಲ್ಲಿ ಬ್ರೌನ್ ಮೇಲೆ ಅಂತ ಎಲ್ಲರೂ ಹೇಳ್ತಿದ್ದರು. 1980ರಿಂದ ಸ್ಪೀಕರ್ ಆಗಿದ್ದ ಕರಿಯ ನಾಯಕ. ಆತ 1995ರಲ್ಲಿ ಸ್ಪೀಕರ್ ಪೀಠ ಬಿಟ್ಟು ಸ್ಯಾನ್ ಫ್ರಾನ್ಸಿಸ್ಕೋದ ಮೇಯರ್ ಸ್ಥಾನ ಗೆದ್ದ. ಅವನಿಗೇನೂ ಆಗಲಿಲ್ಲ. ಆಯವ್ಯಯ ಓದೋದು ಕಲಿಯೋ ಹೊತ್ತಿಗೆ ಮನೆಗೆ ಹೊರಡೋ ಶಾಸಕರು ಉಳಿದರು. ಅಲ್ಲಿ ಯಾವ ಕಡತದಲ್ಲಿ ಏನಿದೆ ಅಂತ ಗೊತ್ತಿರೋದು ಲಾಬಿಯವರಿಗೆ, ಹಳೇ ಅಧಿಕಾರಿಗಳಿಗೆ. ಅವರಿಗೆ ಅವಧಿ ಮಿತಿ ಇಲ್ಲವಲ್ಲ! 2012ರಲ್ಲಿ ಜನರೇ ಅದನ್ನು ತಿದ್ದಿ, ಯಾವ ಮನೆಯಲ್ಲಾದರೂ ಸರಿ, ಒಟ್ಟು 12 ವರ್ಷ ಅಂತ ಮಾಡಿದರು.

ತಮ್ಮ: ಆಳೋ ಕುರ್ಚಿ ಅಂತ ಗೆರೆ ಹಾಕಿದರೆ ಕಳ್ಳದಾರಿ ಇಲ್ವಾ? ಅಲಬಾಮದಲ್ಲಿ ಜಾರ್ಜ್ ವಾಲೆಸ್ ಸತತ ಎರಡನೇ ಸಲ ಗವರ್ನರ್ ಆಗುವಂತಿರಲಿಲ್ಲ. ಕಾನೂನು ಬದಲಾಯಿಸೋಕೆ ಹೋದ, ಆಗಲಿಲ್ಲ. 1966ರಲ್ಲಿ ಹೆಂಡತಿ ಲರ್ಲೀನ್‌ಳನ್ನು ನಿಲ್ಲಿಸಿ ಗೆಲ್ಲಿಸಿದ.

ಅಕ್ಕ: ನಮ್ಮ ಪಂಚಾಯಿತಿಯಲ್ಲಿ ಸಭೆಗೆ ಬಂದು ಕೂರೋ ಅಧ್ಯಕ್ಷೆಯ ಗಂಡನ ಹಾಗೆ.

ತಮ್ಮ: ಹಾಗೇ. ಮೆಕ್ಸಿಕೋದವರು ಇನ್ನೂ ಮುಂದೆ. ಮರು ಆಯ್ಕೆ ಬೇಡ ಅನ್ನೋ ಘೋಷಣೆ ಕೂಗಿ ಅಧಿಕಾರಕ್ಕೆ ಬಂದ ಪೋರ್ಫಿರಿಯೋ ದಿಯಾಜ್ ತಾನೇ ದಶಕಗಳ ಕಾಲ ಇಳಿಯಲಿಲ್ಲ. 1910ರಲ್ಲಿ ಅದೇ ಘೋಷಣೆಯನ್ನು ಎದುರಾಳಿ ಮದೇರೋ ಅವನ ಮೇಲೆ ತಿರುಗಿಸಿದ. ಕ್ರಾಂತಿ ಆಯ್ತು, ಅಧ್ಯಕ್ಷನಿಗೆ ಒಂದೇ ಅವಧಿ ಅನ್ನೋ ನಿಯಮ ಗಟ್ಟಿಯಾಯ್ತು. ಫಲ? 1929ರಿಂದ 2000ದವರೆಗೆ ಒಂದೇ ಪಕ್ಷ. ಪ್ರತಿ ಅಧ್ಯಕ್ಷನೂ ಹೋಗುವಾಗ ಮುಂದಿನವನ ಕಡೆ ಬೆರಳು ತೋರಿಸಿ ಹೋಗ್ತಿದ್ದ. ಆಳು ಬದಲಾದರೂ ಆಳ್ವಿಕೆ ಬದಲಾಗಲಿಲ್ಲ. ನಮ್ಮಲ್ಲಿ ನೋಡು, ಯಾವ ಮಿತಿಯೂ ಇಲ್ಲ. ಆದರೂ 1985ರಲ್ಲಿ ಹೆಗಡೆಯವರು ಗೆದ್ದ ಮೇಲೆ ಕರ್ನಾಟಕದಲ್ಲಿ ಯಾವ ಆಳೋ ಪಕ್ಷವೂ ಸ್ವಂತ ಬಹುಮತದಿಂದ ಮರಳಿ ಬಂದಿಲ್ಲ. ಕಾನೂನು ಮಾಡಬೇಕಾದ ಕೆಲಸ ನಮ್ಮ ಮತದಾರ ಮಾಡ್ತಾನೆ.

ಅಕ್ಕ: ಇಲ್ಲಿ ಮುಖ್ಯಮಂತ್ರಿಯನ್ನು ಸ್ವಂತ ಶಾಸಕರೇ ಯಾವ ಬೆಳಗ್ಗೆ ಬೇಕಾದರೂ ಇಳಿಸಬಹುದು. ಐದು ವರ್ಷ ಪೂರೈಸಿದವರನ್ನು ಬೆರಳಲ್ಲಿ ಎಣಿಸಬಹುದು. ಅಂಥ ಕಡೆ ಮಿತಿಯ ಮೇಲೆ ಇನ್ನೊಂದು ಮಿತಿ ಯಾಕೆ? ಆದರೆ ಪಂಚಾಯಿತಿಯಲ್ಲಿ ನಿಮ್ಮಲ್ಲೂ ಒಂಥರ ಮಿತಿ ಇದೆಯಲ್ಲ, ಮೀಸಲಾತಿಯ ಸರದಿ. ಚೆನ್ನಾಗಿ ಕೆಲಸ ಮಾಡಿದ ಹೆಣ್ಣುಮಗಳು, ಮುಂದಿನ ಸಲ ಸ್ಥಾನ ಬೇರೆ ವರ್ಗಕ್ಕೆ ಹೋದರೆ ಮನೆಗೆ.

ತಮ್ಮ: ಅದು ಮೊಕದ್ದಮೆ ಆಗಿತ್ತು. ನಮ್ಮ ಕರ್ನಾಟಕದ ಪಂಚಾಯತ್ ರಾಜ್ ಕಾಯ್ದೆಯನ್ನೇ ಪ್ರಶ್ನಿಸಿ ಕೆ. ಕೃಷ್ಣಮೂರ್ತಿ ಅನ್ನೋರು ಹೋಗಿದ್ದರು. 2010ರಲ್ಲಿ ಸುಪ್ರೀಂ ಕೋರ್ಟಿನ ಐವರ ಪೀಠ ಅಧ್ಯಕ್ಷ ಸ್ಥಾನದ ಮೀಸಲಾತಿಯನ್ನು ಎತ್ತಿ ಹಿಡಿಯಿತು. ಮತ ಹಾಕೋದು, ಸ್ಪರ್ಧಿಸೋದು ಮೂಲಭೂತ ಹಕ್ಕುಗಳಲ್ಲ, ಕಾನೂನು ಕೊಟ್ಟ ಹಕ್ಕುಗಳು ಅಂದಿತು. ಆ ಮಾತು ನನಗೆ ರುಚಿಸಲಿಲ್ಲ, ತೀರ್ಪಿನ ಫಲ ಒಪ್ಪಿದೆ. ಅಲ್ಲಿ ಹೆಸರು ತೆಗೆಯೋದು, ಎಂದೂ ಮತಪತ್ರದಲ್ಲಿ ಬಾರದ ಇನ್ನೊಂದು ಹೆಸರಿಗೆ ಜಾಗ ಮಾಡೋಕೆ. ಅದೇ ತರ್ಕ ಹಿಡಿದು ಬೊಲಿವಿಯಾಕ್ಕೆ ಬಾ. ಇವೊ ಮೊರಾಲೆಸ್ ಐಮಾರಾ ಬುಡಕಟ್ಟಿನವನು, ಕೋಕಾ ಬೆಳೆಗಾರರ ಸಂಘದಿಂದ ಬಂದವನು. ಮೂಲನಿವಾಸಿಗಳೇ ತುಂಬಿರೋ ದೇಶದಲ್ಲಿ ಅವರಲ್ಲೊಬ್ಬ ಅಧ್ಯಕ್ಷನಾಗೋಕೆ 2006 ಬರಬೇಕಾಯ್ತು. ಇಷ್ಟು ಕಾಲ ಕಾದ ಜನಕ್ಕೆ ಎರಡೇ ಅವಧಿ, ಹೊರಡಿ ಅಂದರೆ, ಅದು ಯಾರ ಹಕ್ಕು ಕಾಯುತ್ತೆ?

ಅಕ್ಕ: ಆ ಸಂಕಟ ನನಗೆ ಅರ್ಥವಾಗುತ್ತೆ. ಆದರೆ 2009ರ ಸಂವಿಧಾನ ಬರೆಸಿದ್ದು ಮೊರಾಲೆಸ್ ಸರ್ಕಾರವೇ, ಸತತ ಮರು ಆಯ್ಕೆ ಒಂದೇ ಸಲ ಅಂತ ಇದ್ದದ್ದೂ ಅದರಲ್ಲೇ. ಮೊದಲ ಅವಧಿ ಹಳೇ ಸಂವಿಧಾನದ ಕಾಲದ್ದು, ಲೆಕ್ಕಕ್ಕಿಲ್ಲ ಅಂತ ನ್ಯಾಯಾಲಯ ಹೇಳಿದ ಮೇಲೆ 2014ರಲ್ಲಿ ಮೂರನೇ ಸಲ ಗೆದ್ದ. ನಾಲ್ಕನೇ ಸಲಕ್ಕೆ ಜನರನ್ನೇ ಕೇಳಿದ. ಕೇಳಿದ್ದು ಅವನ ದೊಡ್ಡತನವೇ. 2016ರ ಫೆಬ್ರವರಿ 21ರಂದು ನೂರಕ್ಕೆ 51ಕ್ಕೂ ಹೆಚ್ಚು ಜನ ಬೇಡ ಅಂದರು. ಮುಗಿಯಬೇಕಿತ್ತು.

ತಮ್ಮ: 2017ರ ನವೆಂಬರ್‌ನಲ್ಲಿ ಅಲ್ಲಿನ ಸಂವಿಧಾನ ನ್ಯಾಯಮಂಡಳಿ ಕೊಟ್ಟ ತೀರ್ಪು ಓದಿದ್ದೀಯಾ? ಅಮೆರಿಕ ಖಂಡದ ಮಾನವ ಹಕ್ಕುಗಳ ಒಡಂಬಡಿಕೆಯ 23ನೇ ಕಲಂ ಹಿಡಿದರು. ರಾಜಕೀಯ ಹಕ್ಕುಗಳನ್ನು ವಯಸ್ಸು, ರಾಷ್ಟ್ರೀಯತೆ, ವಾಸ, ಭಾಷೆ, ವಿದ್ಯೆ, ಮಾನಸಿಕ ಸಾಮರ್ಥ್ಯ, ಅಪರಾಧದ ಶಿಕ್ಷೆ ಇಂಥವುಗಳ ಆಧಾರದ ಮೇಲೆ ಮಾತ್ರ ಕಟ್ಟುಪಡಿಸಬಹುದು ಅಂತ ಅದರಲ್ಲಿದೆ. ಪಟ್ಟಿಯಲ್ಲಿ ಅವಧಿ ಅನ್ನೋದು ಇಲ್ಲ. ಇಲ್ಲದ ಕಾರಣಕ್ಕೆ ಯಾರನ್ನೂ ತಡೆಯುವಂತಿಲ್ಲ, ಮತದಾರನಿಗೂ ಅವನನ್ನು ಆರಿಸೋ ಹಕ್ಕಿದೆ. ನ್ಯಾಯಾಲಯದಲ್ಲಿ ನಾನು ನಿಂತಿದ್ದರೂ ಹೀಗೇ ವಾದಿಸ್ತಿದ್ದೆ.

ಅಕ್ಕ: ಅಚ್ಚುಕಟ್ಟಾದ ವಾದ. ಆದರೆ ಮತದಾರನ ಹಕ್ಕು ಕಾಪಾಡ್ತೀವಿ ಅಂತ ಮತದಾರ ಹಿಂದಿನ ವರ್ಷ ಹಾಕಿದ ಮತವನ್ನೇ ಗುಡಿಸಿ ಹಾಕಿದರು ಕಣೋ! ನ್ಯೂಯಾರ್ಕಿನಲ್ಲಿ ಮಂಡಳಿ ಮಾಡಿದ ಕೆಲಸವನ್ನು ಇಲ್ಲಿ ನ್ಯಾಯಮಂಡಳಿ ಮಾಡಿತು, ಕರಿಕೋಟು ಹಾಕಿಕೊಂಡು. 2019ರ ಅಕ್ಟೋಬರ್‌ನಲ್ಲಿ ಚುನಾವಣೆ, ಮತ ಎಣಿಕೆಯ ಬಗ್ಗೆ ಜಗಳ, ಬೀದಿಗೆ ಬಂದ ಜನ, ಸೇನಾಧಿಕಾರಿಯ ಸಲಹೆ, ನವೆಂಬರ್ 10ಕ್ಕೆ ರಾಜೀನಾಮೆ, ಮೆಕ್ಸಿಕೋಗೆ ಪ್ರಯಾಣ. ಅದು ದಂಗೆಯೋ ಕ್ಷಿಪ್ರಕ್ರಾಂತಿಯೋ ಅಂತ ಇವತ್ತಿಗೂ ಅಲ್ಲಿನವರು ಕಾದಾಡ್ತಾರೆ. 2016ರ ಉತ್ತರವನ್ನು ಒಪ್ಪಿ ಪಕ್ಷದ ಇನ್ನೊಬ್ಬರನ್ನು ನಿಲ್ಲಿಸಿದ್ದಿದ್ದರೆ? 2020ರಲ್ಲಿ ಲೂಯಿಸ್ ಆರ್ಸೆ ನಿಂತು ಅದೇ ಪಕ್ಷವನ್ನು ಮೊದಲ ಸುತ್ತಿನಲ್ಲೇ ಗೆಲ್ಲಿಸಿದ. ಆ ಜನಕ್ಕೆ ಬೇಕಿದ್ದ ರಾಜಕೀಯ ಒಬ್ಬ ಮನುಷ್ಯನ ಹೆಸರಿನಲ್ಲಿ ಮುಗಿದು ಹೋಗಿರಲಿಲ್ಲ.

ತಮ್ಮ: 2021ರಲ್ಲಿ ಅಂತರ ಅಮೆರಿಕ ಮಾನವ ಹಕ್ಕುಗಳ ನ್ಯಾಯಾಲಯ ನಿನ್ನ ಕಡೆಗೇ ಬಂತು. ಕೊಲಂಬಿಯಾ ಕೇಳಿದ ಪ್ರಶ್ನೆಗೆ, ಮಿತಿಯಿಲ್ಲದೆ ಮತ್ತೆ ಮತ್ತೆ ಅಧ್ಯಕ್ಷನಾಗೋದು ಸ್ವತಂತ್ರ ಮಾನವ ಹಕ್ಕಲ್ಲ ಅಂತ ಅಭಿಪ್ರಾಯ ಕೊಟ್ಟಿತು. 2023ರ ಕೊನೆಗೆ ಬೊಲಿವಿಯಾದ ನ್ಯಾಯಮಂಡಳಿಯೂ ಹಿಂದಿನ ಮಾತು ನುಂಗಿತು. ಆದರೆ ಕೋಸ್ಟರಿಕಾದಲ್ಲೂ 2003ರಲ್ಲಿ ನ್ಯಾಯಾಲಯವೇ ಮರು ಆಯ್ಕೆಯ ನಿಷೇಧ ಕಿತ್ತು ಹಾಕಿತ್ತು. ಆಸ್ಕರ್ ಆರಿಯಾಸ್ 2006ರಲ್ಲಿ ಗೆದ್ದರು, ನಾಲ್ಕು ವರ್ಷ ಆಳಿದರು, ಸುಮ್ಮನೆ ಮನೆಗೆ ಹೋದರು. ಆಕಾಶ ಬೀಳಲಿಲ್ಲ.

ಅಕ್ಕ: ಆರಿಯಾಸ್ ಮೊದಲ ಸಲ ಆಳಿದ್ದು 1990ಕ್ಕೆ ಮುಗಿದಿತ್ತು. ಕುರ್ಚಿಯಲ್ಲಿ ಕೂತುಕೊಂಡೇ ನಿಯಮ ಬದಲಾಯಿಸಿದವರಲ್ಲ. ನನಗೆ ಭಯ ಕೂತವರದ್ದು.

ತಮ್ಮ: ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಕೂತವರೇ. 1940ರ ಜೂನ್‌ನಲ್ಲಿ ಫ್ರಾನ್ಸ್ ಬಿದ್ದಿತ್ತು. ಆಗ ಮಿತಿ ಇದ್ದಿದ್ದರೆ ಅಮೆರಿಕದವರು ಅವರನ್ನು ಮನೆಗೆ ಕಳಿಸಬೇಕಿತ್ತು. ಅಧ್ಯಕ್ಷನಿಗೆ ಎರಡೇ ಅವಧಿ ಅನ್ನೋ 22ನೇ ತಿದ್ದುಪಡಿ ಬಂದದ್ದು ಅವರು ಸತ್ತ ಮೇಲೆ. 1947ರಲ್ಲಿ ಕಾಂಗ್ರೆಸ್ ಕಳಿಸಿತು, 1951ರ ಹೊತ್ತಿಗೆ ಬೇಕಾದಷ್ಟು ರಾಜ್ಯ ಶಾಸನಸಭೆಗಳು ಒಪ್ಪಿದವು. ನಿನ್ನ ಜನಮತಗಣನೆ ಎಲ್ಲಿತ್ತು ಅದರಲ್ಲಿ? ನಾಲ್ಕು ಸಲ ಗೆಲ್ಲಿಸಿದ್ದು ಮತದಾರ, ಇನ್ನು ಮೇಲೆ ಹಾಗೆ ಗೆಲ್ಲಿಸಕೂಡದು ಅಂದದ್ದು ರಾಜಕಾರಣಿಗಳು. ಹಟ ಹಿಡಿದು ಮಾಡಿದವರು ರಿಪಬ್ಲಿಕನ್ನರು, ಮೊದಲು ಸಿಕ್ಕಿಬಿದ್ದವನು ಅವರದೇ ಐಸೆನ್‌ಹೋವರ್!

ಅಕ್ಕ: 1940ರ ಮಾತಿಗೆ ನನ್ನಲ್ಲಿ ಉತ್ತರ ಇಲ್ಲ. ಅಲ್ಲಿದ್ದಿದ್ದರೆ ನಾನೂ ಅವರಿಗೇ ಹಾಕ್ತಿದ್ದೆ. ಆದರೆ ಕಷ್ಟಕಾಲ ಅನ್ನೋ ಕಾರಣ ಎಲ್ಲರ ಜೇಬಲ್ಲೂ ಇರುತ್ತೆ. 1940ರಲ್ಲಿ ಯುದ್ಧ, 2008ರಲ್ಲಿ ಬ್ಯಾಂಕು, ಎಲ್ ಸಾಲ್ವಡಾರ್‌ನಲ್ಲಿ ರೌಡಿ ಗುಂಪುಗಳು.

ತಮ್ಮ: ಎಲ್ ಸಾಲ್ವಡಾರ್ ತೆಗೆದೆಯಲ್ಲ, ಅದೇ ನಿನ್ನ ಬಾಗಿಲಿನ ವಾದಕ್ಕೆ ಕಷ್ಟ. ಅಲ್ಲಿನ ಅಧ್ಯಕ್ಷ ಬುಕೆಲೆ 2024ರಲ್ಲಿ ನೂರಕ್ಕೆ ಎಂಬತ್ತಕ್ಕೂ ಮೀರಿ ಮತ ತಗೊಂಡ. ಸತತ ಎರಡನೇ ಸಲ ನಿಲ್ಲಬಹುದು ಅಂದದ್ದು 2021ರಲ್ಲಿ ಅವನ ಪಕ್ಷವೇ ಕೂರಿಸಿದ ಹೊಸ ನ್ಯಾಯಾಧೀಶರು, ಒಪ್ಪಿದೆ. ಆದರೆ ಜನಮತಗಣನೆ ಇಟ್ಟಿದ್ದರೂ ಆ ಜನಪ್ರಿಯತೆಗೆ ಅವನೇ ಗೆಲ್ತಿದ್ದ. ಆಗ ನಿನ್ನ ಬಾಗಿಲಿಂದಲೇ ಹೋದ ಹಾಗೆ ಆಗ್ತಿತ್ತು. ಒಪ್ತಿದ್ದೆಯಾ?

ಅಕ್ಕ: ಮನಸ್ಸಿಲ್ಲದ ಮನಸ್ಸಿನಿಂದ ಒಪ್ಪಬೇಕಾಗ್ತಿತ್ತು. ಆದರೆ ಅಷ್ಟು ಗ್ಯಾರಂಟಿ ಇದ್ದವನು ಕೇಳಲಿಲ್ಲ ಯಾಕೆ?

ತಮ್ಮ: ಬೊಲಿವಿಯಾದಲ್ಲಿ ಕೇಳಿ ನೋಡಿದ್ದರಲ್ಲ! ತಮಾಷೆ ಬಿಡು. ಎಲ್ ಸಾಲ್ವಡಾರ್‌ನ ಸಂವಿಧಾನ ತಿದ್ದೋಕೆ ಜನಮತಗಣನೆಯ ಕ್ರಮವೇ ಇರಲಿಲ್ಲ. ಒಂದು ಶಾಸನಸಭೆ ತಿದ್ದುಪಡಿ ಒಪ್ಪಬೇಕು, ನಡುವೆ ಚುನಾವಣೆ ಆಗಬೇಕು, ಹೊಸದಾಗಿ ಆರಿಸಿ ಬಂದ ಸಭೆ ಅದನ್ನು ಸ್ಥಿರೀಕರಿಸಬೇಕು.

ಅಕ್ಕ: ಹಾಗಾದರೆ ಆ ನಡುವಿನ ಚುನಾವಣೆಯೇ ಮತದಾರನ ಪಾಲು. ಅದನ್ನೇನು ಮಾಡಿದರು?

ತಮ್ಮ: 2025ರ ಜನವರಿಯಲ್ಲಿ ಆ ಕ್ರಮವನ್ನೇ ತೆಗೆದರು. ಮುಕ್ಕಾಲು ಪಾಲು ಸದಸ್ಯರಿದ್ದರೆ ಒಂದೇ ಸಭೆ ಸಾಕು ಅಂತಾಯ್ತು. ಜುಲೈ 31ಕ್ಕೆ 57 ಮತ ಪರ, 3 ವಿರೋಧ. ಎಷ್ಟು ಸಲ ಬೇಕಾದರೂ ಮರು ಆಯ್ಕೆ, ಐದು ವರ್ಷದ ಅವಧಿ ಆರಕ್ಕೆ, ಎರಡನೇ ಸುತ್ತಿನ ಮತದಾನ ರದ್ದು. ಎಲ್ಲ ಒಂದೇ ದಿನದಲ್ಲಿ.

ಅಕ್ಕ: ಎರಡನೇ ಸುತ್ತನ್ನೂ ತೆಗೆದರಾ? ಜನರ ಆಯ್ಕೆಗೆ ಅಡ್ಡಿ ಇರಬಾರದು ಅಂತ ಮಿತಿ ತೆಗೆದವರು?

ತಮ್ಮ: ತೆಗೆದರು. ಅದಕ್ಕೆ ಮಾತ್ರ ನಾನು ವಕಾಲತ್ತು ಹಾಕಲ್ಲಕ್ಕ. ಹೆಸರು ಮತಪತ್ರದಲ್ಲಿ ಇರಲಿ ಅಂತ ವಾದಿಸಿದೆನೇ ಹೊರತು, ಎಣಿಸೋದನ್ನು ಒಂದೇ ಸುತ್ತಿಗೆ ನಿಲ್ಲಿಸಲಿ ಅಂತ ಅಲ್ಲ.